ವೈನ್ ಶಾಪಿನ ಕಿಂಡಿಯಲ್ಲಿ ‘ಕಾರ್ಡ್ ತೋರ್ಸು’ ಅಂದರೆ

ಪ್ರಶ್ನೆ: ನನಗೆ 24 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಐದಡಿ ಎರಡಿಂಚು ಎತ್ತರ, ಸಣಕಲು ಮೈ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಜೇವರ್ಗಿ ರಸ್ತೆ ಕಡೆಯ ಒಂದು ವೈನ್ ಶಾಪಿನಲ್ಲಿ ಎರಡು ಬೀರು ಕೇಳಿದರೆ ‘ತಮ್ಮಾ, ಕಾರ್ಡ್ ತೋರ್ಸು’ ಅಂದರು. ಮೊಬೈಲಿನಲ್ಲಿದ್ದ ಆಧಾರ್ ಫೋಟೊ ತೋರಿಸಿದೆ, ಒಪ್ಪಲಿಲ್ಲ. ಮರುದಿನ ಕಾರ್ಡನ್ನೇ ಒಯ್ದೆ. ಅದರಲ್ಲಿ ಹುಟ್ಟಿದ ವರ್ಷ 2001 ಅಂತ ಮಾತ್ರ ಇದೆ, ಫೋಟೊ ನಾನು ಐದನೇ ಇಯತ್ತೆಯಲ್ಲಿದ್ದಾಗಿನದು. ‘ಇದು ನಿಂದಲ್ಲ’ ಅಂದುಬಿಟ್ಟರು, ಹಿಂದೆ ನಿಂತವರೆಲ್ಲ ನಕ್ಕರು. ಶಾಲೆ ದಾಖಲೆ ಪ್ರಕಾರ ನನ್ನ ಜನ್ಮದಿನಾಂಕ 1 ಜೂನ್ 2001. ಹೀಗೆ ಕೇಳಲು ಅವರಿಗೆ ಹಕ್ಕಿದೆಯೇ? ಯಾವ ಕಾರ್ಡ್ ಒಯ್ದರೆ ನಡೆಯುತ್ತದೆ? ಕಾರ್ಡಿನ ಫೋಟೊ ಹೊಡೆದುಕೊಳ್ಳುತ್ತೇವೆ ಅಂದರೆ ಬಿಡಬೇಕೇ? ಸೊಲ್ಲಾಪುರದಲ್ಲಿ 25 ಆಗಿರಬೇಕು ಅನ್ನುತ್ತಾರೆ, ನಿಜವೇ?

ಉತ್ತರ: ಹಕ್ಕಿನ ಮಾತು ಹಾಗಿರಲಿ, ಕೇಳದೆ ಕೊಟ್ಟರೆ ಅಂಗಡಿಯವರ ಲೈಸೆನ್ಸಿಗೇ ಕುತ್ತು. ಕರ್ನಾಟಕದಲ್ಲಿ ಮದ್ಯ ಮಾರುವ ಪ್ರತಿ ಅಂಗಡಿಯೂ 1965ರ ಅಬಕಾರಿ ಕಾಯ್ದೆ ಮತ್ತು 1967ರ ಅಬಕಾರಿ ಲೈಸೆನ್ಸುಗಳ ಸಾಮಾನ್ಯ ಷರತ್ತು ನಿಯಮಗಳ ಅಡಿಯಲ್ಲಿ ನಡೆಯುತ್ತದೆ. ಆ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಬೀರು, ವೈನು, ವಿಸ್ಕಿ ಎಂಬ ಭೇದ ನಮ್ಮಲ್ಲಿಲ್ಲ, ಗಂಡು ಹೆಣ್ಣು ಎಂಬ ಭೇದವೂ ಇಲ್ಲ. ಎಂಆರ್‌ಪಿ ದರದಲ್ಲಿ ಪಾರ್ಸಲ್ ಕೊಡುವ ಸಿಎಲ್-2 ವೈನ್ ಶಾಪ್, ಕೂತು ಕುಡಿಯುವ ಸಿಎಲ್-9 ಬಾರ್, ಲಾಡ್ಜ್ ಸಮೇತ ಇರುವ ಸಿಎಲ್-7, ಸರ್ಕಾರಿ ಎಂಎಸ್‌ಐಎಲ್ ಮಳಿಗೆ, ಎಲ್ಲಕ್ಕೂ ಇದೇ ಗೆರೆ.

ಗೊಂದಲ ಹುಟ್ಟಿದ್ದಕ್ಕೆ ಒಂದು ಕಾರಣವೂ ಇದೆ. ಮೂಲ ಕಾಯ್ದೆಯಲ್ಲಿ 18 ಎಂದಿದೆ, ನಿಯಮದಲ್ಲಿ 21 ಎಂದಿದೆ. ಎರಡನ್ನೂ 18ಕ್ಕೆ ತರೋಣ ಎಂದು ಸರ್ಕಾರ 2023ರ ಜನವರಿಯಲ್ಲಿ ಕರಡು ಹೊರಡಿಸಿತು. ಆಕ್ಷೇಪಣೆಗಳ ಮಳೆಯೇ ಸುರಿದಾಗ ಅದೇ ತಿಂಗಳು ಕೈಬಿಟ್ಟಿತು. ಕರಡು ಬಂದ ಸುದ್ದಿ ಊರೆಲ್ಲ ಹಬ್ಬಿತು, ಬಿಟ್ಟ ಸುದ್ದಿ ಅಷ್ಟು ದೂರ ಹೋಗಲಿಲ್ಲ. ‘ಈಗ ಹದಿನೆಂಟಕ್ಕ ಆಗ್ಯಾದಲ್ರಿ’ ಎಂದು ಕಾಲೇಜು ಹುಡುಗರು ಕೌಂಟರಿನಲ್ಲಿ ವಾದಿಸುವುದು ಆ ಅರ್ಧ ಸುದ್ದಿಯ ಮೇಲೆ. ಅಂಗಡಿಯವರು ಷರತ್ತಿಗೆ ಸಹಿ ಹಾಕಿ ಲೈಸೆನ್ಸ್ ಪಡೆದವರು. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಪ್ರತಿ ಸಲ ನವೀಕರಣ ಆಗಬೇಕು. ಅವರಿಗೆ 21 ಅಂದರೆ 21.

ಇನ್ನು ಗಿರಾಕಿಗೆ 18 ಕೂಡ ತುಂಬಿರದಿದ್ದರೆ ಲೆಕ್ಕ ಬೇರೆಯೇ. ಆಗ 2015ರ ಬಾಲ ನ್ಯಾಯ ಕಾಯ್ದೆ ಬರುತ್ತದೆ. ಅದರ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರು ಎಂದರೆ ಕಿಂಡಿಯ ಹಿಂದೆ ಕೂತ, ತಿಂಗಳ ಸಂಬಳದ ಹುಡುಗನೂ ಸೇರಿದ. ಲೈಸೆನ್ಸ್‌ದಾರ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರಬಹುದು, ಬಾಟಲಿ ಕೈಗಿಟ್ಟವನು ಇಲ್ಲೇ ಸಿಗುತ್ತಾನೆ. ನಿಮ್ಮನ್ನು ತಡೆದವನ ಗಂಟಲಲ್ಲಿ ಇದ್ದ ಗಡಸಿಗೆ ಬಹುಶಃ ಇದೇ ಕಾರಣ. ನಕ್ಕವರ ವಿಷಯ ಬಿಡಿ, ಸರದಿಯಲ್ಲಿ ನಿಂತವರಿಗೆ ಬೇರೆ ಕೆಲಸವಿಲ್ಲ.

ಅದೇ ಕಾಯ್ದೆಯ 78ನೇ ಕಲಮನ್ನು ನಮ್ಮ ಹಳ್ಳಿ ಕಡೆಯವರು ತಿಳಿದಿರಲೇಬೇಕು. ಮಗುವಿನ ಕೈಯಲ್ಲಿ ಮದ್ಯ ಮಾರಿಸುವುದು, ಸಾಗಿಸುವುದು, ತರಿಸುವುದು ಕೂಡ ಇಷ್ಟೇ ಶಿಕ್ಷೆಯ ಅಪರಾಧ. ‘ಅಪ್ಪ ಕಳಿಸ್ಯಾನ, ಒಂದು ಕ್ವಾರ್ಟರ್ ಕೊಡ್ರಿ’ ಎಂದು ಹತ್ತು ಹನ್ನೆರಡರ ಮಗು ಚೀಟಿ ಹಿಡಿದು ಬರುವುದು ಗುರುಮಠಕಲ್ಲಿನಿಂದ ಔರಾದವರೆಗೆ ಯಾರಿಗೂ ಹೊಸದಲ್ಲ. ಅಪ್ಪನಿಗೆ ಐವತ್ತಾಗಿದ್ದರೂ, ಅಂಗಡಿಯವರಿಗೆ ಅಪ್ಪನ ಪರಿಚಯವಿದ್ದರೂ ಕೊಡುವಂತಿಲ್ಲ. ಇಂಥ ಅಂಗಡಿ ಕಂಡರೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಬರೆದು ಕೊಡಿ, ಮಗುವಿನ ಸಹಾಯವಾಣಿ 1098 ಕೂಡ ಇದೆ. ವಯಸ್ಸು ಕೇಳುವ ಅಂಗಡಿಯ ಮೇಲೆ ಸಿಟ್ಟಾಗುವವರು ಕೇಳದ ಅಂಗಡಿಯ ಬಗ್ಗೆ ಸುಮ್ಮನಿರುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ.

ಮುಖ ನೋಡಿ ವಯಸ್ಸು ಹೇಳುವ ವಿಷಯಕ್ಕೆ ಬರೋಣ. ಅಪರಿಚಿತರ ವಯಸ್ಸು ಊಹಿಸುವಾಗ ಎಂಥವರಿಗೂ ನಾಲ್ಕೈದು ವರ್ಷ ಹೆಚ್ಚುಕಡಿಮೆ ಆಗುತ್ತದೆ. ಅದರಲ್ಲೂ ವೈನ್ ಶಾಪಿನಲ್ಲಿ ನೋಡುವ ರೀತಿಯೇ ಬೇರೆ: ಮುಂದೆ ಕಬ್ಬಿಣದ ಜಾಳಿಗೆ, ಅದರಲ್ಲಿ ಎರಡು ಕೈ ಹಿಡಿಯುವಷ್ಟು ಕಿಂಡಿ, ಒಳಗೆ ಟ್ಯೂಬ್‌ಲೈಟು, ಹೊರಗೆ ಕತ್ತಲು, ಗಿರಾಕಿಯ ಬಾಯಿಗೆ ದಸ್ತಿ ಇಲ್ಲವೇ ತಲೆಗೆ ಹೆಲ್ಮೆಟ್. ಇಷ್ಟರಲ್ಲಿ ಕಾಣುವುದು ಎತ್ತರ, ಗಡ್ಡ ಮೀಸೆ, ಕೈಯ ದಪ್ಪ. ಹೀಗಾಗಿ ಗಡ್ಡ ದಟ್ಟವಾಗಿ ಬಂದ 17ರ ಹುಡುಗ ಪಾರಾಗುತ್ತಾನೆ, ನುಣುಪು ಗಲ್ಲದ 26ರವನು ಸಿಕ್ಕಿಬೀಳುತ್ತಾನೆ. ಗಡ್ಡ ಬರುವುದು ಬಾರದಿರುವುದು ಬಹುಮಟ್ಟಿಗೆ ಮನೆತನದಿಂದ ಬಂದ ಗುಣ, ವಯಸ್ಸಿಗೆ ಅದು ಸಾಕ್ಷಿಯಲ್ಲ. (ಧ್ವನಿಯೂ ಒಡೆದಿಲ್ಲ, ಮೈಮೇಲೆ ಬೇರೆಲ್ಲೂ ಕೂದಲು ಬಂದಿಲ್ಲ ಎಂದರೆ ಮಾತ್ರ ಹಾರ್ಮೋನ್ ನೋಡುವ ವೈದ್ಯರಿಗೆ ಒಮ್ಮೆ ತೋರಿಸಿ. ಬರೀ ಮೀಸೆ ತೆಳ್ಳಗಿದ್ದರೆ ಚಿಂತೆ ಬೇಡ.)

ಈ ಊಹೆಯ ತಪ್ಪಿಗೆ ಬೇರೆ ದೇಶಗಳು ಕಂಡುಕೊಂಡ ದಾರಿ ಸರಳ. ಬ್ರಿಟನ್ನಿನಲ್ಲಿ ಮದ್ಯ ಕೊಳ್ಳುವ ವಯಸ್ಸು 18. ಆದರೆ ಅಂಗಡಿಗಳು ‘ಚಾಲೆಂಜ್ 25’ ಎಂಬ ಪದ್ಧತಿ ಇಟ್ಟುಕೊಂಡಿವೆ: ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಂಡ ಪ್ರತಿಯೊಬ್ಬರನ್ನೂ ಕೇಳು. ಸ್ಕಾಟ್ಲೆಂಡಿನಲ್ಲಿ 2011ರ ಅಕ್ಟೋಬರ್ 1ರಿಂದ ಇದು ಕಾನೂನಿನ ಕಡ್ಡಾಯ. ಊಹೆಯಲ್ಲಿ ಆಗುವ ತಪ್ಪನ್ನು ಆ ಏಳು ವರ್ಷದ ಅಂತರ ನುಂಗಿಕೊಳ್ಳುತ್ತದೆ. ನಮ್ಮಲ್ಲಿ ಗೆರೆ 21ಕ್ಕೆ ಇರುವುದರಿಂದ ಮೂವತ್ತರ ಒಳಗಿನವರಂತೆ ಕಂಡವರನ್ನೆಲ್ಲ ಕೇಳುವುದು ಕ್ಷೇಮ. ಎಲ್ಲರನ್ನೂ ಕೇಳಿದಾಗ ಯಾರಿಗೂ ಅವಮಾನ ಅನಿಸುವುದಿಲ್ಲ. ನಿಮಗೆ ಚುಚ್ಚಿದ್ದು ಕಾರ್ಡ್ ಕೇಳಿದ್ದಲ್ಲ, ಸರದಿಯಲ್ಲಿ ನಿಮ್ಮೊಬ್ಬರನ್ನೇ ಕೇಳಿದ್ದು.

ಈಗ ಕಾರ್ಡುಗಳು. ಅಂಗಡಿಯವರಿಗೆ ಬೇಕಾದದ್ದು ಸರ್ಕಾರ ಕೊಟ್ಟ ಕಾರ್ಡು, ಅದರಲ್ಲಿ ಈಗಿನ ಮುಖಕ್ಕೆ ಹೊಂದುವ ಫೋಟೊ, ದಿನ ತಿಂಗಳು ವರ್ಷ ಮೂರೂ ಇರುವ ಜನ್ಮದಿನಾಂಕ. ಈ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಡ್ರೈವಿಂಗ್ ಲೈಸೆನ್ಸ್. ಫೋಟೊ ದೊಡ್ಡವರಾದ ಮೇಲೆ ತೆಗೆದದ್ದು, ದಿನಾಂಕ ಪೂರ್ತಿ ಇರುತ್ತದೆ, ಆರ್‌ಟಿಒ ಕಾರ್ಡು ಎಲ್ಲ ಕೌಂಟರಿನವರಿಗೂ ಪರಿಚಿತ. ಕೆಎ-32 ಕಲಬುರಗಿ, 33 ಯಾದಗಿರಿ, 38 ಬೀದರ್ ಎಂಬುದು ಬಾಯಿಪಾಠ, ಊರು ಕೇಳಿದರೆ ತಾಳೆ ನೋಡಬಹುದು. ಒಂದು ಎಚ್ಚರಿಕೆ: ಲೈಸೆನ್ಸ್ ಇದೆ ಎಂಬುದಷ್ಟರಿಂದ ವಯಸ್ಸು ಸಾಬೀತಾಗುವುದಿಲ್ಲ. ಅದು 18ಕ್ಕೇ ಸಿಗುತ್ತದೆ, ಗೇರಿಲ್ಲದ ಸಣ್ಣ ಗಾಡಿಗೆ 16ಕ್ಕೂ ಸಿಗುತ್ತದೆ. ಓದಬೇಕಾದದ್ದು ಅದರಲ್ಲಿರುವ ದಿನಾಂಕವನ್ನು.

ಪ್ಯಾನ್ ಕಾರ್ಡ್ ಕೂಡ ಒಳ್ಳೆಯದೇ. ವಿಳಾಸ ಇರುವುದಿಲ್ಲ, ಅದು ಒಂದು ಅನುಕೂಲ, ಮನೆ ಎಲ್ಲಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಪ್ರಾಪ್ತರಿದ್ದಾಗ ಮಾಡಿಸಿದ ಪ್ಯಾನ್‌ನಲ್ಲಿ ಫೋಟೊ ಇರುವುದಿಲ್ಲ, ಆ ಕಾರ್ಡು ಇಲ್ಲಿ ಕೆಲಸಕ್ಕೆ ಬಾರದು. ಪಾಸ್‌ಪೋರ್ಟ್ ಎಲ್ಲಕ್ಕಿಂತ ಗಟ್ಟಿ, ಆದರೆ ಎರಡು ಬೀರಿಗಾಗಿ ಪಾಸ್‌ಪೋರ್ಟ್ ಜೇಬಿಗಿಟ್ಟು ತಿರುಗಿ ಎಂದು ಯಾರೂ ಹೇಳುವುದಿಲ್ಲ. ವೋಟರ್ ಕಾರ್ಡಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಮತದ ವಯಸ್ಸು 18, ಹಾಗಾಗಿ ‘ವೋಟ್ ಹಾಕೀನ್ರಿ’ ಎಂಬ ಮಾತು 21ಕ್ಕೆ ಸಾಕ್ಷಿಯಾಗದು. ಹೊಸ ಕಾರ್ಡಿನಲ್ಲಿ ಪೂರ್ತಿ ದಿನಾಂಕ ಇದ್ದರೆ ನಡೆಯುತ್ತದೆ. ಹಳೆಯ ಕಾರ್ಡುಗಳಲ್ಲಿ ‘ಇಂಥ ವರ್ಷದ ಜನವರಿ 1ಕ್ಕೆ ಇಷ್ಟು ವಯಸ್ಸು’ ಎಂದಷ್ಟೇ ಇರುತ್ತದೆ, ಅಲ್ಲಿಂದ ಲೆಕ್ಕ ಹಾಕಿಕೊಳ್ಳಬೇಕು. ಕಾಲೇಜ್ ಐಡಿ ಬೇಡ. ಗುಲ್ಬರ್ಗಾ ವಿಶ್ವವಿದ್ಯಾಲಯದ್ದಿರಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ್ದಿರಲಿ, ಬೀದರಿನ ಪಶು ವಿಶ್ವವಿದ್ಯಾಲಯದ್ದಿರಲಿ, ಐಡಿ ಹೇಳುವುದು ನೀವು ವಿದ್ಯಾರ್ಥಿ ಎಂದಷ್ಟೇ. ಪಿಜಿ ಓದುವವರಿಗೆಲ್ಲ 21 ಆಗಿಯೇ ಇರುತ್ತದೆ ಎಂಬ ಲೆಕ್ಕವೂ ತಪ್ಪು. ಬೇಗ ಶಾಲೆಗೆ ಸೇರಿದವರು ಇಪ್ಪತ್ತಕ್ಕೇ ಮೊದಲ ವರ್ಷದ ಎಂಎಸ್ಸಿಯಲ್ಲಿ ಇರುತ್ತಾರೆ.

ಮದುವೆಯನ್ನೇ ಪುರಾವೆ ಎಂದು ಮುಂದಿಡುವವರೂ ಇದ್ದಾರೆ. ‘ಮದಿವಿ ಆಗ್ಯಾದ್ರಿ, ಮಗ ಅದಾನ’ ಎಂದರೆ ಕೌಂಟರಿನವರು ಸುಮ್ಮನಾಗುತ್ತಾರೆ. ಹೆಣ್ಣಿಗೆ ಮದುವೆಯ ವಯಸ್ಸು 18, ಗಂಡಿಗೆ 21. ನಮ್ಮ ಭಾಗದಲ್ಲಿ ಅದಕ್ಕೂ ಮೊದಲೇ ಎಷ್ಟು ಮದುವೆಗಳಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ತಾಳಿ, ಮಗು, ಬೈಕು, ಎಟಿಎಂ ಕಾರ್ಡು, ಫೋನ್‌ಪೇಯಲ್ಲಿ ಮೂಡುವ ಹೆಸರು, ಇವ್ಯಾವೂ ವಯಸ್ಸು ಹೇಳುವುದಿಲ್ಲ. ಬ್ಯಾಂಕ್ ಖಾತೆ ಹತ್ತು ವರ್ಷದ ಮಕ್ಕಳಿಗೂ ಇರುತ್ತದೆ.

ಆಧಾರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ತೊಡಕು ಇರುವುದೇ ಅಲ್ಲಿ. ಮೊದಲ ಕೆಲವು ವರ್ಷ ಆಧಾರ್ ಮಾಡಿಸಿದಾಗ ಜನನ ದಾಖಲೆ ಕೊಡದೆ ಬಾಯಿಮಾತಿನಲ್ಲಿ ವಯಸ್ಸು ಹೇಳಿದವರ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಅಚ್ಚಾಯಿತು. ನಿಮ್ಮದು ಆ ಪೈಕಿ. ಇನ್ನು ಕೆಲವರ ಕಾರ್ಡಿನಲ್ಲಿ 01/01 ಎಂದು ಬಂದಿದೆ. ಶಾಲೆಯ ದಾಖಲೆಯಲ್ಲಾದರೆ ಜೂನ್ 1: ಶಾಲೆ ಶುರುವಾಗುವ ದಿನಕ್ಕೆ ಮಗುವಿನ ವಯಸ್ಸು ಸರಿಹೊಂದಲಿ ಎಂದು ಮಾಸ್ತರರು ಬರೆದ ತಾರೀಖು. ತಾಂಡಾಗಳಲ್ಲಿ, ಹೊಲದ ಮನೆಗಳಲ್ಲಿ ಹುಟ್ಟಿದ ಎಷ್ಟೋ ಜನರ ಹುಟ್ಟುಹಬ್ಬ ಕಾಗದದ ಮೇಲೆ ಒಂದೇ ದಿನ. ಕೌಂಟರಿನವರು ಇದನ್ನು ನೋಡಿ ‘ಇದು ಖೊಟ್ಟಿ’ ಎನ್ನಬೇಕಿಲ್ಲ. ಕಾರ್ಡು ಸಾಚಾ ಆಗಿದ್ದು ಆ ದಿನಾಂಕದ ಪ್ರಕಾರ 21 ತುಂಬಿದ್ದರೆ ಅಷ್ಟು ಸಾಕು.

ಹಾಗಾದರೆ ಬರೀ 2001 ಎಂದಿರುವ ನಿಮ್ಮ ಕಾರ್ಡಿನ ಗತಿ? ಲೆಕ್ಕ ಹೀಗೆ. ಈಗ 2026 ಎಂದಿಟ್ಟುಕೊಳ್ಳಿ. 2001ರಲ್ಲಿ ಹುಟ್ಟಿದವರು ಆ ವರ್ಷದ ಡಿಸೆಂಬರ್ 31ರಂದೇ ಹುಟ್ಟಿದ್ದರೂ 24 ತುಂಬಿರುತ್ತದೆ. ವರ್ಷದಿಂದ ವರ್ಷ ಕಳೆದು ಬಂದ ಸಂಖ್ಯೆಯಲ್ಲಿ ಒಂದನ್ನು ಬಿಟ್ಟರೆ ಕನಿಷ್ಠ ವಯಸ್ಸು ಸಿಗುತ್ತದೆ. ಅಂತರ 22 ಅಥವಾ ಹೆಚ್ಚಿದ್ದರೆ ವರ್ಷ ಮಾತ್ರ ಇರುವ ಕಾರ್ಡೂ 21ಕ್ಕೆ ಸಾಕಾಗುತ್ತದೆ. 2026ರಲ್ಲಿ 2004 ಎಂದಿರುವವರಿಗೆ ಕೊಡಬಹುದು, 2005 ಎಂದಿರುವವರ ಹತ್ತಿರ ಬೇರೆ ಕಾರ್ಡು ಕೇಳಬೇಕು. ಅಂದರೆ ವರ್ಷದ ಲೆಕ್ಕದಲ್ಲಿ ನಿಮ್ಮನ್ನು ತಡೆಯಲು ಕಾರಣವಿರಲಿಲ್ಲ. ತಡೆದದ್ದು ಫೋಟೊ.

ಆ ಫೋಟೊ ಯಾಕೆ ಹಾಗೇ ಉಳಿಯಿತು ಎಂದರೆ, ಮಕ್ಕಳ ಆಧಾರಿಗೆ 5ನೇ ಮತ್ತು 15ನೇ ವಯಸ್ಸಿನಲ್ಲಿ ಬೆರಳಚ್ಚು, ಕಣ್ಣುಪಾಪೆ, ಫೋಟೊ ಮೂರನ್ನೂ ಹೊಸದಾಗಿ ಕೊಡಬೇಕೆಂಬ ನಿಯಮವಿದೆ. ಹತ್ತರ ವಯಸ್ಸಿನಲ್ಲಿ ಶಾಲೆಯಲ್ಲೇ ಸಾಲಾಗಿ ನಿಲ್ಲಿಸಿ ಆಧಾರ್ ಮಾಡಿಸಿಕೊಂಡವರು ಹದಿನೈದಕ್ಕೆ ಮತ್ತೆ ಹೋಗಲೇ ಇಲ್ಲ. ಕಾರ್ಡಿನಲ್ಲಿ ಈಗಲೂ ಎಣ್ಣೆ ಹಚ್ಚಿ ಬೈತಲೆ ತೆಗೆದ ಹುಡುಗ. ಎಳೆ ಮುಖದವರಿಗೆ ಇದು ಎರಡು ಪಟ್ಟು ತೊಂದರೆ: ಮುಖ ಚಿಕ್ಕದು, ಫೋಟೊ ಇನ್ನೂ ಚಿಕ್ಕದು, ಅಣ್ಣನ ಕಾರ್ಡು ತಂದಿರಬಹುದೆಂಬ ಗುಮಾನಿ ಬೇರೆ. ಕರ್ನಾಟಕ ಒನ್, ಅಂಚೆ ಕಚೇರಿ, ಬ್ಯಾಂಕ್ ಶಾಖೆಗಳಲ್ಲಿರುವ ಆಧಾರ್ ಕೇಂದ್ರಕ್ಕೆ ಹೋಗಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. 2025ರ ಅಕ್ಟೋಬರ್‌ನಿಂದ ಇದರ ಶುಲ್ಕ 125 ರೂಪಾಯಿ. ಜೊತೆಯಲ್ಲೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರದ ಮೂಲ ಪ್ರತಿ ಒಯ್ದು ಪೂರ್ತಿ ಜನ್ಮದಿನಾಂಕ ಹಾಕಿಸಿಕೊಳ್ಳಿ. ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಆದ್ದರಿಂದ ಅಂಕಪಟ್ಟಿ, ಪ್ಯಾನ್, ಬ್ಯಾಂಕ್ ಎಲ್ಲದರಲ್ಲೂ ಯಾವ ತಾರೀಖು ಇದೆಯೋ ಅದನ್ನೇ ಕೊಡಿ. ಆಪರೇಟರ್ ಟೈಪ್ ಮಾಡಿದ್ದನ್ನು ನಿಮ್ಮ ಕಡೆಯ ಪರದೆಯಲ್ಲಿ ಓದದೆ, ಸ್ವೀಕೃತಿ ಚೀಟಿಯನ್ನು ಇನ್ನೊಮ್ಮೆ ನೋಡದೆ ಎದ್ದು ಬರಬೇಡಿ. 01/06 ಬದಲು 06/01 ಆದರೆ ಐದು ತಿಂಗಳ ವ್ಯತ್ಯಾಸ, ಒಂದೇ ಅವಕಾಶವೂ ಖರ್ಚು.

ಒಂದು ಮಾತು ಪಕ್ಕಕ್ಕೆ: ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿದೆ, ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ ಹೆಚ್ಚಿನ ತೂಕ ಕೊಟ್ಟಿದೆ. ಅದನ್ನು ಓದಿದ ಕೆಲವು ಅಂಗಡಿಯವರು ಆಧಾರ್ ಬೇಡವೇ ಬೇಡ ಅನ್ನುತ್ತಾರೆ. ಕೋರ್ಟಿನಲ್ಲಿ ವಯಸ್ಸಿನ ತಕರಾರು ಬಗೆಹರಿಸುವುದು ಬೇರೆ, ಗಿರಾಕಿ ಚಿಕ್ಕವನಲ್ಲ ಎಂದು ಎಚ್ಚರದಿಂದ ಖಾತ್ರಿ ಮಾಡಿಕೊಳ್ಳುವುದು ಬೇರೆ. ಹಾಗಿದ್ದರೂ ಲೈಸೆನ್ಸ್ ಕೈಯಲ್ಲಿದ್ದರೆ ಈ ಚರ್ಚೆಯೇ ಏಳುವುದಿಲ್ಲ.

ಮೊಬೈಲಿನಲ್ಲಿ ತೋರಿಸಿದ್ದನ್ನು ಅವರು ಒಪ್ಪದಿದ್ದದ್ದು ಸರಿ, ನೀವು ತೋರಿಸಿದ್ದು ಬರೀ ಫೋಟೊ. ಗ್ಯಾಲರಿಯಲ್ಲಿರುವ ಚಿತ್ರದಲ್ಲಿ 2007 ಅನ್ನು 2001 ಮಾಡಲು ಎರಡು ನಿಮಿಷ ಸಾಕು, ಆ್ಯಪ್ ಉಚಿತ. ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್ ಹಾಗಲ್ಲ. ಸಾರಿಗೆ ಇಲಾಖೆಯಂಥ ಮೂಲ ಸಂಸ್ಥೆಯೇ ಡಿಜಿಲಾಕರಿಗೆ ಕಳಿಸಿದ ದಾಖಲೆಗೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ ಎಂದು 2016ರ ಡಿಜಿಟಲ್ ಲಾಕರ್ ನಿಯಮಗಳಿಗೆ 2017ರಲ್ಲಿ ಸೇರಿಸಿದ 9ಎ ನಿಯಮ ಹೇಳುತ್ತದೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ: ಆ್ಯಪ್‌ನಲ್ಲಿ ‘ಇಶ್ಯೂಡ್’ ಎಂದು ಇರುವ ದಾಖಲೆಗೆ ಮಾತ್ರ ಈ ಮಾನ್ಯತೆ, ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಇಲ್ಲ. ಅಂಗಡಿಯವರ ಎದುರಿಗೇ ಆ್ಯಪ್ ತೆರೆದು, ಪಿನ್ ಹಾಕಿ, ದಾಖಲೆಯನ್ನು ಮೇಲೆ ಕೆಳಗೆ ಸರಿಸಿ ತೋರಿಸಿ. ಸ್ಕ್ರೀನ್‌ಶಾಟ್ ಆದರೆ ಸರಿಯುವುದಿಲ್ಲ, ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ನೆಟ್‌ವರ್ಕ್ ಸಿಗದ ಕಡೆ ಇದು ಕೈಕೊಡುತ್ತದೆ, ಸುರಪುರ ಚಿಂಚೋಳಿ ಕಡೆ ತಿರುಗುವವರು ಪ್ಲಾಸ್ಟಿಕ್ ಕಾರ್ಡನ್ನೇ ಇಟ್ಟುಕೊಳ್ಳಲಿ. ಲ್ಯಾಮಿನೇಷನ್ ಮಾಡಿದ ಕಲರ್ ಝೆರಾಕ್ಸ್‌ಗೆ ಬೆಲೆಯಿಲ್ಲ.

ಕಾರ್ಡಿನ ಫೋಟೊ ಹೊಡೆದುಕೊಳ್ಳಲು ಬಿಡಬೇಡಿ. ನೋಡಿ ವಾಪಸು ಕೊಟ್ಟರೆ ಅವರ ಕೆಲಸ ಮುಗಿಯಿತು. ಕೌಂಟರ್ ಹುಡುಗನ ಸ್ವಂತ ಮೊಬೈಲಿನಲ್ಲಿ ನಿಮ್ಮ ಆಧಾರ್ ಸಂಖ್ಯೆ, ಮನೆ ವಿಳಾಸ ಉಳಿದರೆ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ. ಆಧಾರನ್ನೇ ತೋರಿಸಬೇಕಾದರೆ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ತಾಣದಿಂದ ‘ಮಾಸ್ಕ್ಡ್’ ಪ್ರತಿ ಇಳಿಸಿಕೊಳ್ಳಬಹುದು, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಜನ್ಮದಿನಾಂಕ ಮತ್ತು ಫೋಟೊ ಹಾಗೇ ಇರುತ್ತವೆ. ಒಟಿಪಿ ಕೇಳಿದರೆ ಅಲ್ಲಿಂದ ಹೊರಡಿ, ವಯಸ್ಸು ನೋಡಲು ಒಟಿಪಿ ಬೇಕಿಲ್ಲ. ‘ಫೋಟೊ ಬ್ಯಾಡ್ರಿ ಅಣ್ಣಾ, ನೋಡ್ಕೊಂಡು ಕೊಡ್ರಿ’ ಎಂದು ಸಮಾಧಾನದಿಂದ ಹೇಳಿ. ಒಪ್ಪದಿದ್ದರೆ ಬೇರೆ ಅಂಗಡಿ ಇದೆ. ಕಾರ್ಡು ತೋರಿಸಿದ ಮೇಲೂ ಅನುಮಾನ ಉಳಿದು ‘ಕೊಡಂಗಿಲ್ಲ’ ಎಂದರೆ ಒತ್ತಾಯ ಮಾಡಲು ಬರುವುದಿಲ್ಲ. ಮದ್ಯದ ವ್ಯಾಪಾರವೇ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು 1994ರಲ್ಲಿ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಕೊಳ್ಳುವವರು ಹಕ್ಕು ಹಿಡಿದು ಜಗಳ ತೆಗೆದರೆ ದಕ್ಕುವುದಿಲ್ಲ.

ಈ ಉತ್ತರವನ್ನು ಕೌಂಟರಿನವರೂ ಓದಬಹುದೆಂದು ನಾಲ್ಕು ಮಾತು. ತಪ್ಪು ಹೆಚ್ಚು ಆಗುವುದು ಕಳೆಯುವ ಲೆಕ್ಕದಲ್ಲಿ. 2026ರ ಮಾರ್ಚ್ 15ರಂದು ಒಬ್ಬನ ಕಾರ್ಡಿನಲ್ಲಿ 20 ನವೆಂಬರ್ 2005 ಇದೆ ಎನ್ನಿ. ಗಡಿಬಿಡಿಯಲ್ಲಿ 26ರಲ್ಲಿ 5 ಕಳೆದರೆ 21, ಬಾಟಲಿ ಕೈಗೆ. ಅವನಿಗೆ ಇನ್ನೂ 20, ಎಂಟು ತಿಂಗಳು ಬಾಕಿ. ಇದಕ್ಕೆ ಮದ್ದು ಬೆಳಿಗ್ಗೆ ಅಂಗಡಿ ತೆರೆದಾಗ ಒಂದು ರಟ್ಟಿನ ಮೇಲೆ ಆವತ್ತಿನ ಗಡುವು ಬರೆದು ಕಿಂಡಿಯ ಒಳಬದಿಗೆ ತೂಗುಹಾಕುವುದು: ‘15-03-2005 ಅಥವಾ ಅದಕ್ಕಿಂತ ಮೊದಲು’. ಆಮೇಲೆ ಯಾರೂ ಏನೂ ಕಳೆಯಬೇಕಿಲ್ಲ, ಕಾರ್ಡಿನ ತಾರೀಖನ್ನು ರಟ್ಟಿನ ತಾರೀಖಿಗೆ ಹೋಲಿಸಿದರೆ ಆಯಿತು. ದಿನಾ ಬದಲಿಸುವುದನ್ನು ಮರೆತರೂ ಅಪಾಯವಿಲ್ಲ, ಹಳೆಯ ಗಡುವು ಇನ್ನೂ ಬಿಗಿಯಾಗಿರುತ್ತದೆ ಅಷ್ಟೇ.

ಕೇಳಬೇಕಾದ ಹೊತ್ತು ದುಡ್ಡು ಕೈಗೆ ಬರುವ ಮೊದಲು. ದುಡ್ಡು ತಗೊಂಡು, ಬಾಟಲಿ ಕಟ್ಟೆಗಿಟ್ಟು, ಆಮೇಲೆ ಕಾರ್ಡ್ ಕೇಳಿದರೆ ಅರ್ಧ ವ್ಯಾಪಾರ ಆದ ಹಾಗೆ, ಜಗಳ ಹತ್ತುವುದೇ ಅಲ್ಲಿ. ‘ಏ ಹುಡುಗಾ’ ಎನ್ನುವ ಬದಲು ‘ಕಾರ್ಡ್ ಒಂದ್ಸಲ ತೋರಸ್ರಿ’ ಎಂದರೆ ಎಂಟು ಮಂದಿಯಲ್ಲಿ ಏಳು ಮಂದಿ ಮಾತಿಲ್ಲದೆ ತೋರಿಸುತ್ತಾರೆ. ದಸ್ತಿ, ಹೆಲ್ಮೆಟ್ ತೆಗೆಸಿ ಮುಖ ನೋಡಿ. ಕಾರ್ಡನ್ನು ಪಾಕೀಟಿನ ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆಸಿ, ಅಂಚಿನ ಮೇಲೆ ಬೆರಳಾಡಿಸಿ, ತಾರೀಖಿನ ಅಂಕಿಗಳು ಉಳಿದ ಅಕ್ಷರಗಳ ಗಾತ್ರದಲ್ಲೇ ಇವೆಯೇ ನೋಡಿ.

ಆದರೆ ತಿದ್ದಿದ ಕಾರ್ಡಿಗಿಂತ ನಮ್ಮಲ್ಲಿ ಹೆಚ್ಚು ಬರುವುದು ಸಾಚಾ ಕಾರ್ಡು, ಬೇರೆಯವರದು: ಅಣ್ಣನದು, ಕಾಕಾನ ಮಗನದು, ರೂಮ್‌ಮೇಟಿನದು. ಮನೆತನದ ಹೋಲಿಕೆ ಇರುವುದರಿಂದ ಫೋಟೊ ನೋಡಿ ಹಿಡಿಯುವುದು ಕಷ್ಟ. ಜನ್ಮದಿನಾಂಕ ಕೇಳಿ ಉಪಯೋಗವಿಲ್ಲ, ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ‘ಎಸ್‌ಎಸ್‌ಎಲ್‌ಸಿ ಯಾವ ವರ್ಷ ಪಾಸ್ ಆದ್ರಿ?’ ಎಂದು ಕೇಳಿ. ತನ್ನ ಕಾರ್ಡಾದರೆ ಯೋಚಿಸದೆ ಹೇಳುತ್ತಾನೆ, ಹುಟ್ಟಿದ ವರ್ಷಕ್ಕೆ ಹದಿನೈದೋ ಹದಿನಾರೋ ಕೂಡಿದರೆ ತಾಳೆಯಾಗುತ್ತದೆ. ಅಣ್ಣನ ಕಾರ್ಡು ತಂದವನು ಒಂದು ಕ್ಷಣ ಮೇಲೆ ನೋಡುತ್ತಾನೆ. ಶಾಲೆಗೆ ಹೋಗದವರಿಗೆ ಈ ಪ್ರಶ್ನೆ ಹಾಕಬೇಡಿ, ಕಾರ್ಡಿನ ಹಿಂದಿರುವ ವಿಳಾಸದ ಓಣಿಯನ್ನೋ ಪಿನ್ ಕೋಡನ್ನೋ ಕೇಳಿ. ಹೀಗೆ ಬೇರೆಯವರ ಕಾರ್ಡು ಒಯ್ಯುವವರಿಗೂ ಒಂದು ಸೂಚನೆ: ಬೇರೊಬ್ಬರಂತೆ ನಟಿಸಿ ವಂಚಿಸುವುದು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಡಿ 5 ವರ್ಷದವರೆಗಿನ ಶಿಕ್ಷೆಯ ಅಪರಾಧ, ತಿದ್ದಿದ ಕಾರ್ಡನ್ನು ಅಸಲಿಯೆಂದು ತೋರಿಸಿದರೆ 340ನೇ ಕಲಂ. ಒಂದು ಬೀರಿನ ಆಸೆಗೆ ಎಫ್‌ಐಆರ್ ಆದರೆ ಮುಂದೆ ನೌಕರಿಯ ಪೊಲೀಸ್ ಪರಿಶೀಲನೆಯಲ್ಲೂ ಅದು ಎದುರಾಗುತ್ತದೆ.

‘ದೋಸ್ತಿನ ಕೈಲಿ ತರಿಸ್ತೀನಿ’ ಎಂಬ ದಾರಿ ನಿಮಗೆ ಕಾನೂನಿನಲ್ಲಿ ಅಡ್ಡಿಯಿಲ್ಲ, ನಿಮಗೆ 21 ಆಗಿದೆ. ಆದರೆ ಮೊದಲು ನಿಮ್ಮನ್ನು ತಡೆದು, ಮರುಕ್ಷಣ ನಿಮ್ಮ ದುಡ್ಡು ಹಿಡಿದು ಗೆಳೆಯ ಬಂದರೆ ಅಂಗಡಿಯವರು ಅವನಿಗೂ ಕೊಡದಿರಬಹುದು. ಕೊಡದಿದ್ದರೆ ಅದೇ ಸರಿಯಾದ ಅಂಗಡಿ. ಬಾರಿನಲ್ಲೂ ಹೀಗೇ, ಐದು ಜನ ಕೂತ ಟೇಬಲ್ಲಿನಲ್ಲಿ ಒಬ್ಬ ಎಳೆಯನಂತೆ ಕಂಡರೆ ವೇಟರ್ ಅವನ ಕಾರ್ಡು ನೋಡಿಯೇ ಗ್ಲಾಸಿಡಬೇಕು.

ಕೊನೆಯದಾಗಿ ಗಡಿ ದಾಟುವ ವಿಷಯ. ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರೂ ಜಿಲ್ಲೆಗಳ ಪಕ್ಕದಲ್ಲಿ ಬೇರೆ ರಾಜ್ಯವಿದೆ, ವಯಸ್ಸಿನ ಗೆರೆ ರಾಜ್ಯಕ್ಕೊಂದು. ಬೀದರಿನಿಂದ ಜಹೀರಾಬಾದಿಗೆ, ಸೇಡಂನಿಂದ ತಾಂಡೂರಿಗೆ, ಯಾದಗಿರಿಯಿಂದ ನಾರಾಯಣಪೇಟೆಗೆ ಹೋದರೆ ತೆಲಂಗಾಣ, ಅಲ್ಲೂ 21. ಗೋವಾದಲ್ಲಿ 18, ಅಲ್ಲಿಗೆ ಟೂರ್ ಹೋಗಿ ಬಂದ ಹುಡುಗರು ಇಲ್ಲಿಯೂ ಅದೇ ಎಂದು ತಿಳಿಯುತ್ತಾರೆ. ಸೊಲ್ಲಾಪುರ, ಅಕ್ಕಲಕೋಟ, ಉದಗೀರ ಮಹಾರಾಷ್ಟ್ರಕ್ಕೆ ಸೇರಿದವು. ಅಲ್ಲಿ ಬೀರು, ವೈನಿಗೆ 21, ವಿಸ್ಕಿ, ರಮ್, ಬ್ರಾಂದಿಗೆ 25, ಮೇಲೆ ಕುಡಿಯಲು ಪರ್ಮಿಟ್ ಎಂಬ ಪದ್ಧತಿಯೂ ಇದೆ. ಆದ್ದರಿಂದ ನಿಮಗೆ ಹೇಳಿದ್ದು ಅರ್ಧ ನಿಜ: ಬೀರು ಈಗಲೇ ಸಿಗುತ್ತದೆ, ವಿಸ್ಕಿ 2026ರ ಜೂನ್ 1ರಿಂದ. ಆದರೆ ವರ್ಷ ಮಾತ್ರ ಇರುವ ನಿಮ್ಮ ಹಳೆಯ ಆಧಾರನ್ನೇ ಒಯ್ದರೆ 25 ತುಂಬಿದೆ ಎಂದು ತೋರಿಸಲು 2027ರ ಜನವರಿ 1ರವರೆಗೆ ಕಾಯಬೇಕಾಗುತ್ತದೆ. ಅಲ್ಲಿಂದ ಬಾಟಲಿ ಚೀಲದಲ್ಲಿಟ್ಟುಕೊಂಡು ಬರುವ ಯೋಚನೆ ಇದ್ದರೆ ಬಿಡಿ. ಪರವಾನಗಿ ಇಲ್ಲದೆ ಬೇರೆ ರಾಜ್ಯದ ಮದ್ಯ ತರುವುದು ಅಬಕಾರಿ ಅಪರಾಧ, ಚೆಕ್‌ಪೋಸ್ಟಿನಲ್ಲಿ ಯಾರೂ ನಿಮ್ಮ ವಯಸ್ಸು ಕೇಳುವುದಿಲ್ಲ.